ಬಂಪರ್‌ನ ಅಲ್ಯುಮಿನಿಯಂ ಪಟ್ಟಿಯ ತುದಿ ಎದ್ದು ನಿಂತರೆ

ಪ್ರಶ್ನೆ: ನನ್ನ ಬಳಿ 1962ರ ಪೋರ್ಷೆ 356 ಬಿ ಕೂಪೆ ಕಾರು ಇದೆ. ಬಂಪರ್‌ಗಳಿಗೆ ಬಣ್ಣ ಹೊಡೆಸಿ ಮೂರು ವಾರವಾಯಿತು. ಮುಂದಿನ ಬಂಪರ್‌ಗೆ ಹೊಸ ಅಲ್ಯುಮಿನಿಯಂ ಪಟ್ಟಿ ತರಿಸಿದ್ದೇನೆ. ಅದರ ಮುಖದಲ್ಲಿ ರಬ್ಬರ್ ಕೂರುವ ಕಾಲುವೆ, ಬೆನ್ನಲ್ಲಿ ಟಿ ಆಕಾರದ ತಲೆಯ ಬೋಲ್ಟುಗಳು ಜಾರುವ ಕಾಲುವೆ ಇದೆ. ನಡುಭಾಗ ಚೆನ್ನಾಗಿ ಕೂರುತ್ತದೆ. ಎರಡೂ ತುದಿಗಳು ಮಾತ್ರ ಬಂಪರ್‌ನಿಂದ ಸುಮಾರು 1 ಸೆಂ.ಮೀ. ಎದ್ದು ನಿಲ್ಲುತ್ತವೆ. ನಟ್ಟು ಬಿಗಿ ಮಾಡಿದರೆ ತಾನಾಗಿ ಬಂದು ಕೂರುತ್ತದೆ ಎಂದು ಒಬ್ಬರು ಹೇಳಿದರು, ತುದಿಗೆ ಎರಡೂ ಬದಿ ಅಂಟುವ ಟೇಪು ಹಾಕಿ ಎಂದು ಇನ್ನೊಬ್ಬರು ಹೇಳಿದರು. ಏನು ಮಾಡಲಿ? ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಹಾಕಬಹುದೇ?

ಉತ್ತರ: ನಟ್ಟು ಬಿಗಿ ಮಾಡುವ ಮೊದಲೇ ಕೈ ತಡೆದು ಕೇಳಿದ್ದೀರಿ, ಒಳ್ಳೆಯದಾಯಿತು. ಬೋಲ್ಟಿನಿಂದ ಎಳೆಯಬೇಡಿ, ಟೇಪಿನಿಂದ ಹಿಡಿಸಲೂ ಬೇಡಿ. ಪಟ್ಟಿಗೆ ಆಕಾರ ಕೊಡುವುದು ಒಂದು ಕೆಲಸ, ಅದನ್ನು ಬಂಪರ್‌ಗೆ ಹಿಡಿದಿಡುವುದು ಇನ್ನೊಂದು ಕೆಲಸ. ಬೋಲ್ಟು ಎರಡನೆಯದಕ್ಕೆ ಮಾತ್ರ. ಒಂದೇ ಒಂದು ನಟ್ಟೂ ಇಲ್ಲದೆ, ಎರಡು ಬೆರಳಿನ ಒತ್ತಡಕ್ಕೇ ಪಟ್ಟಿ ಬಂಪರ್‌ಗೆ ಉದ್ದಕ್ಕೂ ತಾಗಿಕೊಳ್ಳಬೇಕು. ಅಲ್ಲಿಯವರೆಗೆ ಸ್ಪ್ಯಾನರ್ ಮುಟ್ಟುವ ಅಗತ್ಯವಿಲ್ಲ.

ಬೋಲ್ಟಿನಿಂದ ಎಳೆದರೆ ಏನಾಗುತ್ತದೆ ಎಂದು ನಾನು ಕಲಿತದ್ದು ನನ್ನ ಕೈಯಾರೆ ಕೆಡಿಸಿದ ಒಂದು ಬಂಪರ್‌ನಿಂದ. ಆಗಿನ್ನೂ ಈ ಕೆಲಸಕ್ಕೆ ಹೊಸಬ. ಇದೇ ರೀತಿ ತುದಿ ಎದ್ದಿತ್ತು, ಕೊನೆಯ ಎರಡು ನಟ್ಟುಗಳನ್ನು ಬಿಗಿ ಮಾಡಿ ಎಳೆದು ಕೂರಿಸಿದೆ. ಆ ದಿನ ನೋಡಲು ಚೆನ್ನಾಗಿಯೇ ಇತ್ತು. ಕೆಲವು ವಾರ ಬಿಸಿಲಿನಲ್ಲಿ ಓಡಾಡಿದ ಮೇಲೆ ಬೋಲ್ಟಿನ ತಲೆ ಕಾಲುವೆಯ ತುಟಿಯನ್ನು ಅರಳಿಸಿಕೊಂಡು ಹೊರಗೆ ಬಂದಿತ್ತು. ಅಲ್ಯುಮಿನಿಯಂ ತುಟಿ ತೆಳು. ಒಮ್ಮೆ ಅರಳಿದರೆ ಅದನ್ನು ಮತ್ತೆ ಮುಚ್ಚಿ ಮೊದಲಿನ ಬಲ ತರಲಾಗುವುದಿಲ್ಲ. ಅದಕ್ಕಿಂತ ಹೆಚ್ಚು ನೋವಾದದ್ದು ಬಣ್ಣ ನೋಡಿದಾಗ. ಸ್ಪ್ರಿಂಗಿನಂತೆ ಸೆಟೆದುಕೊಂಡಿದ್ದ ಪಟ್ಟಿಯ ಅಂಚು ಗಾಡಿಯ ಪ್ರತಿ ನಡುಕಕ್ಕೂ ಉಜ್ಜಿ ಉಜ್ಜಿ, ಹೊಸ ಬಣ್ಣವನ್ನು ಕೆಳಗಿನ ಉಕ್ಕಿನವರೆಗೆ ಸವೆಸಿತ್ತು. ತುಟಿ ಗಟ್ಟಿಯಾಗಿ ನಿಂತಿದ್ದರೂ ತೊಂದರೆ ತಪ್ಪುತ್ತಿರಲಿಲ್ಲ. ಬೋಲ್ಟು ಎಳೆದ ಕಡೆಯೆಲ್ಲ ಪಟ್ಟಿಯ ಮುಖದಲ್ಲಿ ಸಣ್ಣ ತಗ್ಗು ಮೂಡುತ್ತದೆ, ಪಕ್ಕದಿಂದ ಬೆಳಕು ಬಿದ್ದಾಗ ಅಲೆ ಅಲೆಯಾಗಿ ಕಾಣುತ್ತದೆ.

ಟೇಪಿನ ಮಾತು. ಅಂಟು ಟೇಪು ಅಡ್ಡಕ್ಕೆ ಜಾರುವ ಬಲವನ್ನು ಚೆನ್ನಾಗಿ ತಡೆಯುತ್ತದೆ. ಅಂಚಿನಿಂದ ಸುಲಿದು ಎಬ್ಬಿಸುವ ಬಲವನ್ನು, ಅದರಲ್ಲೂ ಹಗಲೂ ರಾತ್ರಿ ಬಿಡದೆ ಎಳೆಯುವ ಬಲವನ್ನು ತಡೆಯುವುದಿಲ್ಲ. ನಿಮ್ಮ ತುದಿಗಳು ಕೊಡುವುದು ಈ ಎರಡನೆಯ ಬಗೆಯ ಬಲವನ್ನೇ. ಟೇಪು ಬಿಟ್ಟುಕೊಳ್ಳುವಾಗ ಮೂರು ವಾರದ ಬಣ್ಣವನ್ನೂ ಜೊತೆಗೆ ಕಿತ್ತು ತಂದರೆ ಆಶ್ಚರ್ಯವಿಲ್ಲ.

ಹಾಗಾದರೆ ಹೊಸ ಪಟ್ಟಿ ಏಕೆ ಕೂರುವುದಿಲ್ಲ? ಸಾಮಾನು ಮಾಡಿದವರನ್ನು ಬೈಯುವ ಮೊದಲು ಗಾಡಿ ಹುಟ್ಟಿದ ಬಗೆಯನ್ನು ನೆನೆಯಬೇಕು. 356ರ ಬಾಡಿಗಳನ್ನು ಸ್ಟುಟ್‌ಗಾರ್ಟ್‌ನ ರಾಯ್ಟರ್, ಓಸ್ನಾಬ್ರೂಕ್‌ನ ಕಾರ್ಮನ್‌ನಂಥ ಬಾಡಿ ಕಟ್ಟುವ ಕಾರ್ಖಾನೆಗಳಲ್ಲಿ ತಯಾರಿಸಲಾಗುತ್ತಿತ್ತು. ತಗಡುಗಳ ಕೂಡುಗೆರೆಗಳನ್ನು ಕರಗಿಸಿದ ಸೀಸದಿಂದ ತುಂಬಿ, ಕೈಯಲ್ಲಿ ಅರ ಹಾಕಿ ನಯ ಮಾಡುತ್ತಿದ್ದರು. ಬಾಗಿಲು ಮತ್ತು ಮುಚ್ಚಳಗಳನ್ನು ಆಯಾ ಬಾಡಿಗೇ ಹೊಂದಿಸಿ ಸಂಖ್ಯೆ ಒತ್ತುತ್ತಿದ್ದರು, ಏಕೆಂದರೆ ಒಂದರದ್ದು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತಿರಲಿಲ್ಲ. ಅಂಥ ಗಾಡಿಗೆ ಅರವತ್ತು ವರ್ಷದ ಪೆಟ್ಟು, ರಿಪೇರಿ, ಬಣ್ಣದ ಪದರಗಳನ್ನು ಸೇರಿಸಿ ನೋಡಿ. 1959ರಲ್ಲಿ ಬಿ ಮಾದರಿ ಬಂದಾಗ ಬಂಪರ್‌ಗಳನ್ನು ಹಿಂದಿನ ಎ ಮಾದರಿಗಿಂತ ಮೇಲಕ್ಕೆ ಏರಿಸಿದ್ದೇ ಬೇರೆ ಗಾಡಿಗಳ ಪೆಟ್ಟನ್ನು ಅವು ತಾಳಲಿ ಎಂದು. ಹಾಗಾಗಿ ಪೆಟ್ಟು ತಿನ್ನದ ಬಂಪರ್ ಅಪರೂಪ. ಇತ್ತ ಹೊಸ ಪಟ್ಟಿ ಅಚ್ಚಿನಿಂದ ನೇರವಾಗಿ ಹೊರಬರುತ್ತದೆ, ಆಮೇಲೆ ಅದನ್ನು ಯಾವುದೋ ಒಂದು ಮಾದರಿ ಬಂಪರ್‌ನ ಆಕಾರಕ್ಕೆ ಬಗ್ಗಿಸುತ್ತಾರೆ. ಅದು ನಿಮ್ಮ ಬಂಪರ್ ಅಲ್ಲ. ಕೊನೆಯ ಹೊಂದಾಣಿಕೆ ಎಂದಿದ್ದರೂ ಜೋಡಿಸುವವನ ಪಾಲಿನದು.

ಆದ್ದರಿಂದ ಮೊದಲು ತಿಳಿಯಬೇಕಾದದ್ದು ಡೊಂಕಾಗಿರುವುದು ಪಟ್ಟಿಯೋ ಬಂಪರ್ರೋ ಎಂಬುದು. ದಪ್ಪ ರಟ್ಟನ್ನು ಬಂಪರ್‌ನ ಬಲಗಡೆಯ ತಿರುವಿಗೆ ಹಿಡಿದು, ಪಟ್ಟಿ ಕೂರುವ ಸಾಲಿನಲ್ಲಿ ಗೆರೆ ಎಳೆದು ಕತ್ತರಿಸಿ. ಅದೇ ರಟ್ಟನ್ನು ಮಗುಚಿ ಎಡಗಡೆಗೆ ಹಿಡಿಯಿರಿ. ಎರಡೂ ಕಡೆ ಒಂದೇ ಸಮ ಕೂತರೆ ಬಂಪರ್ ಸರಿಯಿದೆ, ಕನಿಷ್ಠ ಎರಡೂ ಬದಿ ಒಂದೇ ರೀತಿ ಇವೆ. ಒಂದು ಕಡೆ ಬೆಳಕು ಕಂಡರೆ ಆ ಬದಿ ಎಂದೋ ಪೆಟ್ಟು ತಿಂದಿದೆ. ನಿಮ್ಮ ಪಟ್ಟಿಯ ಎರಡೂ ತುದಿ ಸಮನಾಗಿ ಎದ್ದಿವೆ ಎಂದಿದ್ದೀರಿ. ಹಾಗಿದ್ದರೆ ಬಂಪರ್ ಬಹುಮಟ್ಟಿಗೆ ಸರಿಯಿದೆ, ಪಟ್ಟಿಯ ಬಾಗು ಸಾಲದು ಎಂದೇ ನನ್ನ ಊಹೆ. ಆದರೂ ರಟ್ಟಿನ ಪರೀಕ್ಷೆ ಬಿಡಬೇಡಿ, ಆ ರಟ್ಟು ಮುಂದೆಯೂ ಬೇಕಾಗುತ್ತದೆ. ಪರೀಕ್ಷೆಯನ್ನು ಬಂಪರ್ ಗಾಡಿಯ ಮೇಲೆ ತನ್ನ ಜಾಗದಲ್ಲಿ ಬಿಗಿಯಾಗಿ ಕೂತಿರುವಾಗಲೇ ಮಾಡಿ. ಗಾಡಿಗೆ ಹಿಡಿಸುವ ಬ್ರಾಕೆಟ್‌ಗಳಿಗೆ ಬಿಗಿದಾಗ ಬಂಪರ್ ಸ್ವಲ್ಪ ಅರಳಬಹುದು, ಇಲ್ಲವೇ ಮುದುಡಬಹುದು. ಮೇಜಿನ ಮೇಲಿಟ್ಟು ಹೊಂದಿಸಿದ ಪಟ್ಟಿ ಗಾಡಿಯ ಮೇಲೆ ಮತ್ತೆ ತಕರಾರು ಮಾಡುತ್ತದೆ.

ಬಾಗಿಸುವ ಮುನ್ನ ಇನ್ನೊಂದು ಪರೀಕ್ಷೆ: ಪಟ್ಟಿ ಅನೋಡೈಸ್ ಆಗಿದೆಯೇ (ಅಂದರೆ ವಿದ್ಯುತ್ ಹರಿಸಿ ಮೇಲ್ಮೈಯಲ್ಲಿ ಗಟ್ಟಿ ಪದರ ಬೆಳೆಸಿದ್ದೇ) ಅಥವಾ ಬರೀ ಪಾಲಿಶ್ ಮಾಡಿದ್ದೇ? ಕಣ್ಣಿಗೆ ಎರಡೂ ಒಂದೇ ತರಹ ಹೊಳೆಯುತ್ತವೆ. ಮಲ್ಟಿಮೀಟರನ್ನು ಬೀಪ್ ಬರುವ ಸ್ಥಾನಕ್ಕೆ ತಿರುಗಿಸಿ, ಎರಡೂ ಕಡ್ಡಿಗಳನ್ನು ಪಟ್ಟಿಯ ಮೇಲ್ಮೈಗೆ ಹಗುರವಾಗಿ ತಾಗಿಸಿ. ಬೀಪ್ ಬಂದರೆ ಬರೀ ಲೋಹ, ಬರದಿದ್ದರೆ ಅನೋಡೈಸ್ ಪದರವಿದೆ. ಆ ಪದರ ಅಲ್ಯುಮಿನಿಯಂ ಆಕ್ಸೈಡ್, ವಿದ್ಯುತ್ ಹರಿಯಲು ಬಿಡುವುದಿಲ್ಲ. ಬೆನ್ನಿನಲ್ಲಿ, ಕಾಣದ ಜಾಗದಲ್ಲಿ ಪರೀಕ್ಷಿಸಿದರೆ ಮುಖಕ್ಕೆ ಗೀರು ಬೀಳುವುದಿಲ್ಲ.

ಇದು ಏಕೆ ಮುಖ್ಯವೆಂದರೆ, ಆ ಪದರ ಪಿಂಗಾಣಿಯಂತೆ ಗಟ್ಟಿ, ಪಿಂಗಾಣಿಯಂತೆಯೇ ಬಾಗುವುದಿಲ್ಲ. ಅಡಿಯ ಲೋಹ ಹಿಗ್ಗಿದಾಗ ಅದು ಕೂದಲೆಳೆಯ ಬಿರುಕು ಬಿಡುತ್ತದೆ. ಕೆಲವು ಕೋನದಿಂದ ನೋಡಿದಾಗ ಜೇಡರ ಬಲೆಯಂತೆ ಕಾಣುತ್ತದೆ, ಬಫಿಂಗ್‌ನಿಂದ, ಅಂದರೆ ಬಟ್ಟೆಯ ಚಕ್ರದಲ್ಲಿ ಉಜ್ಜಿ ಹೊಳಪು ಕೊಡುವುದರಿಂದ, ಅದು ಹೋಗುವುದಿಲ್ಲ. 1 ಸೆಂ.ಮೀ. ತಿದ್ದುಪಡಿಯನ್ನು ತುದಿಯಿಂದ 35–40 ಸೆಂ.ಮೀ. ಉದ್ದಕ್ಕೆ ಹಂಚಿ ಬಾಗಿಸಿದರೆ ಲೋಹ ಹಿಗ್ಗುವುದು ತೀರ ಕಡಿಮೆ, ಪದರ ಉಳಿದುಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಅದೇ 1 ಸೆಂ.ಮೀ.ಯನ್ನು ನಾಲ್ಕು ಬೆರಳಗಲದಲ್ಲಿ ಮಡಿಸಿದರೆ ಬಿರುಕು ಬೀಳುವುದು ಹೆಚ್ಚುಕಡಿಮೆ ಖಂಡಿತ. ಪಟ್ಟಿ ತೀರ ಬೇರೆ ಆಕಾರದಲ್ಲಿದ್ದು ಹೆಚ್ಚು ಬಾಗಿಸಲೇಬೇಕಾದರೆ ಸರಿಯಾದ ದಾರಿ ಇದು: ಅನೋಡೈಸ್ ಮಾಡುವವರಲ್ಲಿಯೇ ಪದರವನ್ನು ತೆಗೆಸಿ, ಬಾಗಿಸಿ, ಪಾಲಿಶ್ ಮಾಡಿ, ಮತ್ತೆ ಅನೋಡೈಸ್ ಮಾಡಿಸುವುದು. ನಿಮಗೆ ಅಷ್ಟು ಬೇಡ ಎನಿಸುತ್ತದೆ.

ಈಗ ಬಾಗಿಸುವ ಕೆಲಸ. ಇದಕ್ಕೆ ಒಂದು ಇಡೀ ಮಧ್ಯಾಹ್ನ ಮೀಸಲಿಡಿ.

ಮೊದಲು ಬಂಪರ್‌ನ ಮುಖಕ್ಕೆ, ಪಟ್ಟಿ ತಾಗುವ ಸಾಲಿನ ಮೇಲೂ ಕೆಳಗೂ, ಬಣ್ಣ ಕೀಳದ ಹಗುರ ಅಂಟಿನ ಮಾಸ್ಕಿಂಗ್ ಟೇಪನ್ನು ಎರಡು ಮೂರು ಪದರ ಹಾಕಿ. ಮೂರು ವಾರದ ಬಣ್ಣ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಇನ್ನೂ ಗಟ್ಟಿಯಾಗುತ್ತಿರಬಹುದು, ಆದ್ದರಿಂದ ದಿನದ ಕೊನೆಗೆ ಟೇಪು ತೆಗೆದುಬಿಡಿ. ಬಂಪರ್‌ನ ನಡುವನ್ನು ಅಳೆದು ಟೇಪಿನ ಮೇಲೆ ಗುರುತು ಮಾಡಿ, ಪಟ್ಟಿಯ ಬೆನ್ನಲ್ಲೂ ನಡುವನ್ನು ಗುರುತಿಸಿ. ಎರಡೂ ಗುರುತುಗಳು ಕೂಡುವಂತೆ ಹಿಡಿದು, ಪಟ್ಟಿ ಬಂಪರನ್ನು ಬಿಟ್ಟು ಏಳಲು ಶುರುವಾಗುವ ಜಾಗವನ್ನು ಪತ್ತೆ ಮಾಡಿ. ತೆಳು ಕಾಗದವನ್ನು ಸಂದಿಯಲ್ಲಿ ನಡುವಿನಿಂದ ಹೊರಕ್ಕೆ ತಳ್ಳುತ್ತ ಹೋದರೆ ಅದು ಸಿಕ್ಕಿಕೊಳ್ಳದೆ ಸಲೀಸಾಗಿ ಓಡುವ ಜಾಗ ತಿಳಿಯುತ್ತದೆ. ಎಲ್ಲರೂ ತಪ್ಪುವುದು ಇಲ್ಲಿಯೇ. ಎದ್ದು ಕಾಣುವುದು ತುದಿ, ಹಾಗಾಗಿ ಕೈ ತುದಿಗೇ ಹೋಗುತ್ತದೆ. ಆದರೆ ಕೊರತೆ ಇರುವುದು ಪಟ್ಟಿ ಏಳಲು ಶುರುವಾಗುವ ಜಾಗದಿಂದ ಆಚೆಯ ತಿರುವಿನಲ್ಲಿ. ತುದಿಯನ್ನು ಮಾತ್ರ ಒತ್ತಿದರೆ ಅದು ಒಳಕ್ಕೆ ಕೊಕ್ಕೆಯಂತೆ ಬಾಗಿ ಬಂಪರ್‌ಗೆ ಚುಚ್ಚುತ್ತದೆ, ನಡುವಿನ ಸಂದಿ ಹಾಗೆಯೇ ಉಳಿಯುತ್ತದೆ.

ಪಟ್ಟಿಯ ಅಡ್ಡಕೊಯ್ತದಲ್ಲಿ ಎರಡು ಟೊಳ್ಳು ಕಾಲುವೆಗಳಿರುವುದರಿಂದ ಬಾಗಿಸುವಾಗ ತುಟಿಗಳು ಒಳಕ್ಕೆ ಮುಚ್ಚಿಕೊಳ್ಳುವ ಭಯವಿದೆ. ಮುಚ್ಚಿಕೊಂಡರೆ ಬೋಲ್ಟೂ ಜಾರದು, ರಬ್ಬರೂ ಕೂರದು. ಕಾಲುವೆಯ ಅಗಲಕ್ಕೆ ಸರಿಹೊಂದುವ ನೈಲಾನ್ ಪಟ್ಟಿಯನ್ನು ಎರಡರಲ್ಲೂ ತೂರಿಸಿಟ್ಟುಕೊಂಡು ಬಾಗಿಸಿ, ಮುಗಿದ ಮೇಲೆ ಎಳೆದು ತೆಗೆಯಿರಿ.

ಆಮೇಲೆ ಒಂದು ಅಚ್ಚು. ದಪ್ಪ ಹಲಗೆಯನ್ನು ನಿಮ್ಮ ರಟ್ಟಿನ ಬಾಗಿಗಿಂತ ಸ್ವಲ್ಪ ಹೆಚ್ಚು ಬಿಗಿಯಾದ ಬಾಗಿಗೆ ಕತ್ತರಿಸಿ, ಅಂಚಿಗೆ ದಪ್ಪ ಬಟ್ಟೆ ಸುತ್ತಿ. ಹೆಚ್ಚು ಬಿಗಿ ಏಕೆಂದರೆ ಅಲ್ಯುಮಿನಿಯಂ ಒತ್ತಿದಷ್ಟೂ ನಿಲ್ಲುವುದಿಲ್ಲ, ಕೈ ಬಿಟ್ಟೊಡನೆ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಎಷ್ಟು ಸರಿಯುತ್ತದೆಂಬುದು ಆಯಾ ಪಟ್ಟಿಯ ಗಡಸುತನದ ಮೇಲೆ ನಿಂತಿದೆ, ಲೆಕ್ಕದಿಂದ ತಿಳಿಯುವುದಕ್ಕಿಂತ ಕೈಯಿಂದ ತಿಳಿಯುವುದೇ ಬೇಗ. ಅಚ್ಚನ್ನು ಮೇಜಿಗೆ ಬಿಗಿದು, ಪಟ್ಟಿಯನ್ನು ಅದಕ್ಕೆ ಒತ್ತಿ ಎರಡೂ ಅಂಗೈಯಿಂದ ಉರುಳಿಸಿದಂತೆ ಒತ್ತುತ್ತ ಹೋಗಿ. ಪೆನ್ಸಿಲಿನಿಂದ 5 ಸೆಂ.ಮೀ.ಗೊಂದು ಗೆರೆ ಹಾಕಿಕೊಂಡು, ಗೆರೆಯಿಂದ ಗೆರೆಗೆ ಸರಿದು ಒಂದೇ ಹದದಲ್ಲಿ ಒತ್ತಿದರೆ ಮುರುಕು ಕೋನಗಳು ಬೀಳುವುದಿಲ್ಲ. ಒಂದು ಸುತ್ತು ಒತ್ತಿ ಬಂಪರ್‌ಗೆ ಹಿಡಿದು ನೋಡಿ, ಮತ್ತೊಂದು ಸುತ್ತು. ಎಂಟು ಹತ್ತು ಸಲ ಹೋಗಿ ಬರಬೇಕಾಗುತ್ತದೆ. ಅಪ್ಪಿತಪ್ಪಿ ಹೆಚ್ಚು ಬಾಗಿದರೆ ಹಿಂದಕ್ಕೆ ತಿದ್ದಬಹುದು, ಆದರೆ ಹಿಂದೆ ಮುಂದೆ ಮಾಡಿದಷ್ಟೂ ಅಲ್ಯುಮಿನಿಯಂ ಗಡಸಾಗಿ ಬಿರುಕಿಗೆ ಹತ್ತಿರವಾಗುತ್ತದೆ. ಕಡಿಮೆ ಬಾಗಿಸಿ ಹೆಚ್ಚು ಸಲ ನೋಡುವುದು ಕ್ಷೇಮ. ಸುತ್ತಿಗೆ ಬೇಡವೇ ಬೇಡ. ಮರದ ಕೊಡತಿಯ ಏಟೂ ಪಾಲಿಶ್ ಮಾಡಿದ ಮುಖದಲ್ಲಿ ಚಪ್ಪಟೆ ಗುರುತು ಉಳಿಸುತ್ತದೆ.

ಬಂಪರ್ ಪಕ್ಕಕ್ಕೆ ಸುತ್ತುವಾಗ ಅದರ ಮುಖದ ಇಳಿಜಾರೂ ಬದಲಾಗುತ್ತದೆ. ಹಾಗಾಗಿ ಪಟ್ಟಿ ಬಾಗಿದರಷ್ಟೇ ಸಾಲದು, ಸ್ವಲ್ಪ ತಿರುಚಿಕೊಳ್ಳಲೂ ಬೇಕು. ಬಾಗು ಸರಿಯಾದ ಮೇಲೂ ಮೇಲಿನ ಅಂಚು ತಾಗಿ ಕೆಳಗಿನ ಅಂಚು ಬಾಯಿ ಬಿಟ್ಟಿದ್ದರೆ ಕಾರಣ ಈ ತಿರುಚೇ. ಪಟ್ಟಿಯ ಆಕಾರಕ್ಕೆ ತೋಡು ಕೊರೆದ ಎರಡು ಮರದ ತುಂಡುಗಳಲ್ಲಿ ಪಟ್ಟಿಯನ್ನು ಸುಮಾರು 30 ಸೆಂ.ಮೀ. ಅಂತರದಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವಂತೆ ಮೆಲ್ಲಗೆ ತಿರುಚಿ. ತಿರುಚಿದ ಮೇಲೆ ಬಾಗನ್ನು ಮತ್ತೊಮ್ಮೆ ನೋಡಿ, ಒಂದು ಬದಲಾದರೆ ಇನ್ನೊಂದೂ ಕೊಂಚ ಬದಲಾಗುತ್ತದೆ.

ಕಾಯಿಸಿದರೆ ಸುಲಭವಲ್ಲವೇ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಲ್ಯುಮಿನಿಯಂ 350–400 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗುತ್ತದೆ ನಿಜ. ತಗಡಿನ ಕೆಲಸದವರು ಸೋಪು ಉಜ್ಜಿ, ಅದು ಕಪ್ಪಾದೊಡನೆ ಬೆಂಕಿ ತೆಗೆಯುತ್ತಾರೆ. ಆದರೆ ಶುದ್ಧ ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ, ಮಿಶ್ರಲೋಹಗಳು ಇನ್ನೂ ಮೊದಲೇ ಕರಗಲು ಶುರುವಾಗುತ್ತವೆ. ಉಕ್ಕಿನಂತೆ ಕೆಂಪಾಗಿ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಈಗಿತ್ತು, ಈಗ ನೆಲದ ಮೇಲೆ ಬಿತ್ತು ಎಂಬಂತಾಗುತ್ತದೆ. ಜೊತೆಗೆ ಹೀಗೆ ಅಚ್ಚಿನ ಮೂಲಕ ಒತ್ತಿ ತೆಗೆದ ಪಟ್ಟಿಗಳ ಗಡಸುತನ ಬಹುಪಾಲು ಕಾರ್ಖಾನೆಯ ಶಾಖ ಸಂಸ್ಕಾರದಿಂದ ಬಂದದ್ದು. ಅದನ್ನು ಒಮ್ಮೆ ಕಳೆದರೆ ಮನೆಯ ಶೆಡ್ಡಿನಲ್ಲಿ ಮರಳಿ ಕೊಡಲಾಗುವುದಿಲ್ಲ. 1 ಸೆಂ.ಮೀ.ಗಾಗಿ ಆ ದಾರಿ ಹಿಡಿಯಬೇಡಿ.

ಪಟ್ಟಿ ತಾನಾಗಿ ಕೂರುವಂತಾಯಿತು ಎಂದಿಟ್ಟುಕೊಳ್ಳಿ. ಇನ್ನು ರಂಧ್ರಗಳತ್ತ ಗಮನ ಕೊಡಿ. ಅಲ್ಯುಮಿನಿಯಂ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಂದೂವರೆ ಮೀಟರ್ ಪಟ್ಟಿ ನೆರಳಿನಿಂದ ಸುಡುಬಿಸಿಲಿಗೆ ಬಂದು 40 ಡಿಗ್ರಿ ಬಿಸಿಯೇರಿದರೆ ಅದು ಅಡಿಯ ಬಂಪರ್‌ಗಿಂತ ಸುಮಾರು 0.7 ಮಿ.ಮೀ. ಹೆಚ್ಚು ಉದ್ದವಾಗುತ್ತದೆ. ಸಣ್ಣ ಅಳತೆಯೇ. ಆದರೆ ಎಲ್ಲ ಬೋಲ್ಟುಗಳೂ ರಂಧ್ರದ ಗೋಡೆಗೆ ಒತ್ತಿಕೊಂಡಿದ್ದರೆ ಆ ಹಿಗ್ಗಿಗೆ ಜಾಗವಿಲ್ಲದೆ ಪಟ್ಟಿ ನಡುವೆ ಉಬ್ಬುತ್ತದೆ. ನಡುವಿನ ಬೋಲ್ಟು ಮಾತ್ರ ಜಾಗ ಹಿಡಿದು ನಿಲ್ಲಲಿ, ಉಳಿದವುಗಳಿಗೆ ಬಂಪರ್‌ನ ರಂಧ್ರದಲ್ಲಿ ಎರಡೂ ಪಕ್ಕ ಕನಿಷ್ಠ 1 ಮಿ.ಮೀ. ಸಡಿಲಿರಲಿ. ರಂಧ್ರವನ್ನು ಅರದಿಂದ ಅಗಲಿಸಬೇಕಾದರೆ, ತೆರೆದ ಉಕ್ಕಿನ ಅಂಚಿಗೆ ಪ್ರೈಮರ್ ಮತ್ತು ಬಣ್ಣ ಹಚ್ಚಿ ಪೂರ್ತಿ ಒಣಗಲು ಬಿಡಿ. ಅರೆದ ಪುಡಿಯನ್ನು ಬಂಪರ್‌ನ ಒಳಮಡಿಕೆಯಿಂದ ಕಡೆಯ ಕಣದವರೆಗೆ ಊದಿ ತೆಗೆಯಿರಿ, ಅಲ್ಲಿ ಉಳಿದ ಪ್ರತಿ ಕಣವೂ ತುಕ್ಕಿನ ಬೀಜ.

ಸ್ಟೇನ್‌ಲೆಸ್ ಬೋಲ್ಟು ಹಾಕಬಹುದು. ಎರಡು ಬೇರೆ ಲೋಹಗಳು ತಾಗಿ ನಡುವೆ ನೀರು ಸೇರಿದರೆ, ಅದರಲ್ಲೂ ಉಪ್ಪಿನ ನೀರು ಸೇರಿದರೆ, ಅಲ್ಯುಮಿನಿಯಂ ತಾನು ಸವೆಯುತ್ತ ಇನ್ನೊಂದನ್ನು ಕಾಯುತ್ತದೆ. ಕಾಲುವೆಯಲ್ಲಿ ಕಾಣುವ ಬಿಳಿ ಹಿಟ್ಟು ಅದೇ. ಬೋಲ್ಟು ಚಿಕ್ಕದು, ಪಟ್ಟಿ ದೊಡ್ಡದು ಆದ್ದರಿಂದ ಈ ಜೋಡಿಯಲ್ಲಿ ಸವೆತ ನಿಧಾನ. ಆದರೂ ತಲೆಯನ್ನು ಕಾಲುವೆಗೆ ಜಾರಿಸುವ ಮುನ್ನ ಮೇಣದಂಥ ತುಕ್ಕುನಿರೋಧಕವನ್ನು ದಪ್ಪಗೆ ಹಚ್ಚಿ. ಸತು ಲೇಪಿಸಿದ ಉಕ್ಕಿನ ಬೋಲ್ಟೂ ಸರಿಯೇ, ಲೇಪ ಇರುವವರೆಗೆ ಅದು ಅಲ್ಯುಮಿನಿಯಂಗೆ ಇನ್ನೂ ಸೌಮ್ಯ. ನಾನೇ ಆರಿಸುವುದಾದರೆ ಗಾಡಿ ಮಳೆಯಲ್ಲಿ ಓಡುವುದಾದರೆ ಸ್ಟೇನ್‌ಲೆಸ್, ಬರೀ ಒಣ ದಿನಗಳಲ್ಲಿ ಹೊರಡುವುದಾದರೆ ಸತು ಲೇಪದ್ದು. ಬೋಲ್ಟಿಗಿಂತ ನಾನು ಹೆಚ್ಚು ಹೆದರುವುದು ಪಟ್ಟಿಯ ಅಂಚು ಬಣ್ಣ ಸವೆಸಿ ನೇರವಾಗಿ ಬಂಪರ್‌ನ ಉಕ್ಕಿಗೆ ತಾಗುವುದಕ್ಕೆ. ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ, ಪಟ್ಟಿಯಿಂದ ಹೊರಗೆ ಇಣುಕದಷ್ಟು ಕಿರಿದಾಗಿ ಕತ್ತರಿಸಿದ ಪಾರದರ್ಶಕ ರಕ್ಷಣಾ ಫಿಲ್ಮನ್ನು ಆ ಸಾಲಿಗೆ ಅಂಟಿಸಿ. ಕಾಣುವುದಿಲ್ಲ, ಆದರೆ ವರ್ಷಗಟ್ಟಲೆ ಕಾಯುತ್ತದೆ. ಮೇಲಂಚಿಗೆ ಸಿಲಿಕೋನ್ ಸೀಲೆಂಟ್ ಹಚ್ಚಬೇಡಿ. ವಿನೆಗರ್ ವಾಸನೆ ಬರುವ ಬಗೆಯಂತೂ ಒಣಗುವಾಗ ಆಮ್ಲ ಬಿಟ್ಟು ಲೋಹವನ್ನೇ ತಿನ್ನುತ್ತದೆ. ಉಳಿದವೂ ಹಿಂದೆ ಸೇರಿದ ನೀರಿಗೆ ಹೊರದಾರಿ ಇಲ್ಲದಂತೆ ಮಾಡುತ್ತವೆ. ನೀರು ಬರಲಿ, ಹಾಗೆಯೇ ಹೋಗಲಿ.

ಕೊನೆಯ ಜೋಡಣೆಗೆ ಇನ್ನೊಬ್ಬರ ಕೈ ಬೇಕು. ಬೋಲ್ಟುಗಳನ್ನೆಲ್ಲ ಎಣಿಸಿ ಕಾಲುವೆಗೆ ಜಾರಿಸಿ, ರಂಧ್ರಗಳ ಅಂತರಕ್ಕೆ ಹೊಂದಿಸಿ, ಅಲುಗದಂತೆ ಚೂರು ಟೇಪು ಹಾಕಿ. ಒಂದು ಬೋಲ್ಟು ಮರೆತರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು, ಆದ್ದರಿಂದ ಎರಡು ಸಲ ಎಣಿಸಿ. ಒಬ್ಬರು ಮುಂದಿನಿಂದ ಪಟ್ಟಿ ಹಿಡಿದಿರಲಿ, ಇನ್ನೊಬ್ಬರು ಹಿಂದೆ ಅಗಲವಾದ ವಾಷರ್ ಹಾಕಿ ನಡುವಿನ ನಟ್ಟಿನಿಂದ ಶುರುಮಾಡಿ ಎಡಕ್ಕೊಂದು ಬಲಕ್ಕೊಂದು ಎಂದು ಹೊರಕ್ಕೆ ಹೋಗಲಿ. ಮೊದಲ ಸುತ್ತು ಬೆರಳಿನಿಂದ, ಎರಡನೆಯದು ಚಿಕ್ಕ ಸ್ಪ್ಯಾನರನ್ನು ಎರಡೇ ಬೆರಳಲ್ಲಿ ಹಿಡಿದು. ಪಟ್ಟಿ ಅಲುಗದಿದ್ದರೆ ಸಾಕು. ಒಳಗೆ ನೈಲಾನ್ ಬಳೆ ಇರುವ ನಟ್ಟುಗಳನ್ನು ಇಲ್ಲಿ ನಾನು ಬಳಸುವುದಿಲ್ಲ. ಅವು ತಿರುಗಲು ಬಲ ಬೇಡುತ್ತವೆ, ಆ ಬಲಕ್ಕೆ ಬೋಲ್ಟಿನ ತಲೆಯೇ ಕಾಲುವೆಯೊಳಗೆ ತಿರುಗಿ ತುಟಿಯನ್ನು ಕೊರೆಯುತ್ತದೆ. ಸಾದಾ ನಟ್ಟು, ಸ್ಪ್ರಿಂಗ್ ವಾಷರ್, ಎಳೆಗೆ ಒಂದು ಹನಿ ಬಿಚ್ಚಬಹುದಾದ ಬಗೆಯ ಲಾಕಿಂಗ್ ದ್ರವ ಸಾಕು. ಪಟ್ಟಿಯ ಉದ್ದ ಹೆಚ್ಚೆನಿಸಿದರೆ ಕತ್ತರಿಸುವುದು ಈ ಹಂತದ ನಂತರವೇ. ಬಾಗು ತಿದ್ದಿದಾಗ ತುದಿ ನಿಲ್ಲುವ ಜಾಗವೂ ಬದಲಾಗುತ್ತದೆ. ಗುರುತು ಮಾಡಿ, ಬಿಚ್ಚಿ, 2 ಮಿ.ಮೀ. ಉಳಿಸಿ ಕತ್ತರಿಸಿ, ಉಳಿದದ್ದನ್ನು ಅರದಿಂದ ತೆಗೆಯಿರಿ.

ರಬ್ಬರ್ ಕೂರಿಸುವಾಗ ಒಂದೇ ಎಚ್ಚರ: ಎಳೆಯಬೇಡಿ. ಎಳೆದು ಕೂರಿಸಿದ ರಬ್ಬರ್ ದಿನ ಕಳೆದಂತೆ ಕುಗ್ಗಿ ತುದಿಯಲ್ಲಿ ಖಾಲಿ ಕಾಲುವೆ ತೋರಿಸುತ್ತದೆ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಸೋಪು ನೀರು ಹಚ್ಚಿ, ಒಂದು ಅಂಚನ್ನು ತುಟಿಯೊಳಗಿಟ್ಟು ಇನ್ನೊಂದನ್ನು ಚೂಪಿಲ್ಲದ ಪ್ಲಾಸ್ಟಿಕ್ ಸಲಕರಣೆಯಿಂದ ಒಳಕ್ಕೆ ಒತ್ತಿ, ಆಗಾಗ ಹಿಂದಕ್ಕೆ ತಳ್ಳಿ ತುಸು ಒತ್ತಾಗಿಸಿ. ಗ್ರೀಸ್ ಬೇಡ, ಪೆಟ್ರೋಲಿಯಂ ಎಣ್ಣೆಗಳು ಎಷ್ಟೋ ಬಗೆಯ ರಬ್ಬರನ್ನು ಉಬ್ಬಿಸುತ್ತವೆ. ಸಿಲಿಕೋನ್ ಸ್ಪ್ರೇ ಕೂಡ ಬೇಡ. ಮುಂದೆಂದಾದರೂ ಆ ಬಂಪರ್‌ಗೆ ಬಣ್ಣ ತಿದ್ದಬೇಕಾದಾಗ, ಉಳಿದ ಸಿಲಿಕೋನ್ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿಗಳನ್ನು ಎಬ್ಬಿಸುತ್ತದೆ. ಎರಡೂ ತುದಿಯಲ್ಲಿ 1 ಸೆಂ.ಮೀ. ಹೆಚ್ಚು ಬಿಟ್ಟು, ಮಾರನೆಯ ದಿನ ಕತ್ತರಿಸಿ.

ಪಟ್ಟಿ ಬರೀ ಪಾಲಿಶ್ ಮಾಡಿದ್ದಾದರೆ ಅಂತಿಮ ಹೊಳಪು ಜೋಡಿಸುವ ಮುನ್ನವೇ ಕೊಟ್ಟು ಮೇಣ ಹಚ್ಚಿ. ತೊಳೆಯುವಾಗ ಕ್ಷಾರದ ಕ್ಲೀನರ್‌ಗಳನ್ನು ಹತ್ತಿರ ಬಿಡಬೇಡಿ. ಅವು ಬರೀ ಅಲ್ಯುಮಿನಿಯಮ್ಮನ್ನೂ ಅನೋಡೈಸ್ ಪದರವನ್ನೂ ಮಂಕು ಮಾಡುತ್ತವೆ.

ಇನ್ನೊಂದು ಮಾತು. ಹಳೆಯ ಪಟ್ಟಿ ಇನ್ನೂ ನಿಮ್ಮಲ್ಲಿದ್ದರೆ, ಎಷ್ಟೇ ಗೀರು ಬಿದ್ದಿದ್ದರೂ ಎಸೆಯಬೇಡಿ. ಅದು ಈ ಬಂಪರ್‌ನ ಮೇಲೆಯೇ ವರ್ಷಗಟ್ಟಲೆ ಕೂತು ಅದರ ಆಕಾರ ಪಡೆದದ್ದಾದರೆ, ಯಾವ ರಟ್ಟಿಗಿಂತಲೂ ನಿಖರವಾದ ಅಳತೆ ಅದೇ. ಹೊಸದನ್ನು ಅದರ ಪಕ್ಕದಲ್ಲಿ ನೆಲದ ಮೇಲಿಟ್ಟು ನೋಡಿ, ಎಲ್ಲಿ ಬಾಗು ಸಾಲದೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಅದರ ತಗ್ಗುಗಳು ಆಳವಿಲ್ಲದಿದ್ದರೆ, ಬೆನ್ನಿನಿಂದ ಮೆಲ್ಲಗೆ ಎತ್ತಿ, ಪದರ ತೆಗೆಸಿ, 400ರಿಂದ 2000ದವರೆಗಿನ ನಯದ ಸಂಖ್ಯೆಯ ಉಜ್ಜು ಕಾಗದದಲ್ಲಿ ಉಜ್ಜಿ ಬಫ್ ಮಾಡಿಸಿದರೆ ಆ ಹಳೆಯ ಪಟ್ಟಿಯೇ ಮತ್ತೆ ಗಾಡಿಯ ಮೇಲೆ ಏರಬಹುದು. ನನ್ನ ಕೈಯಲ್ಲಿದ್ದರೆ ಹೊಸದನ್ನು ಬಾಗಿಸುವ ಮುನ್ನ ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡುತ್ತಿದ್ದೆ.